ಅನ್ವರ್ಥದಿಂದ ಅಂಕಿತಕ್ಕೆ: ಸೇಡಂ–ಚಿಂಚೋಳಿ ಸೀಮೆಯಲ್ಲಿ ಕ್ರಿಸ್ತಾನುಯಾಯಿಗಳ ಮತ್ತು ಅವರ ಸಭೆಗಳ ಹೆಸರುಗಳು

ಸಾರಾಂಶ

ಕ್ರಿಸ್ತನ ಅನುಯಾಯಿಗಳನ್ನೂ ಅವರ ಸಭೆಗಳನ್ನೂ ಯಾವ ಹೆಸರಿನಿಂದ ಕರೆಯಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಧರ್ಮಶಾಸ್ತ್ರದ ಪ್ರಶ್ನೆಯೆಂದು ಭಾವಿಸಲಾಗುತ್ತದೆ. ಪ್ರಸ್ತುತ ಲೇಖನವು ಅದನ್ನು ಭಾಷಾಚರಿತ್ರೆಯ ಪ್ರಶ್ನೆಯಾಗಿ ಪರಿಶೀಲಿಸುತ್ತದೆ. ಕನ್ನಡ, ತೆಲುಗು, ಉರ್ದು, ಮರಾಠಿಗಳು ಕೂಡುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಪ್ರದೇಶವನ್ನು ನೆಲೆಯಾಗಿಟ್ಟುಕೊಂಡು ‘ಕ್ರೈಸ್ತ’, ‘ಕ್ರೈಸ್ತವ’, ‘ಈಸಾಯಿ’, ‘ಕಿರಿಸ್ತಾನ’, ‘ಸಭೆ’, ‘ಚರ್ಚು’, ‘ಮೆಥೋಡಿಸ್ಟ್’ ಮೊದಲಾದ ಪದಗಳ ರಚನೆ ಮತ್ತು ಚರಿತ್ರೆಯನ್ನು ಇಲ್ಲಿ ನೋಡಲಾಗಿದೆ. ಕನ್ನಡ ವ್ಯಾಕರಣ ಪರಂಪರೆಯ ರೂಢ, ಅನ್ವರ್ಥ, ಅಂಕಿತ ಎಂಬ ವಿಭಾಗವು ಈ ಚರ್ಚೆಗೆ ಉಪಯುಕ್ತ ಸಾಧನವೆಂಬುದು ನಮ್ಮ ವಾದ. ಅನ್ವರ್ಥವಾಗಿ ಹುಟ್ಟಿದ ಹೆಸರು ಅಂಕಿತವಾಗಿ ಗಟ್ಟಿಗೊಂಡಾಗಲೇ ಅದು ವಿವಾದದ ವಸ್ತುವಾಗುತ್ತದೆ.

ಕೀಲಿಪದಗಳು: ಅನ್ವರ್ಥನಾಮ, ಅಂಕಿತನಾಮ, ತದ್ಧಿತ, ಸ್ವರಭಕ್ತಿ, ಕ್ರೈಸ್ತ, ಸಭೆ, ಗಡಿಭಾಷೆ

1. ಪೀಠಿಕೆ

ಚಿಂಚೋಳಿ ತಾಲ್ಲೂಕಿನಿಂದ ಬಂದ ವಿದ್ಯಾರ್ಥಿನಿಯೊಬ್ಬರು ಅರ್ಜಿಯೊಂದನ್ನು ತುಂಬುತ್ತ ‘ಧರ್ಮ’, ‘ಜಾತಿ’, ‘ಉಪಜಾತಿ’ ಎಂಬ ಮೂರು ಕಾಲಂಗಳ ಮುಂದೆ ಪೆನ್ನು ನಿಲ್ಲಿಸಿ, “ಇಲ್ಲಿ ಏನಂತ ಬರೀಲ್ರೀ?” ಎಂದು ನಮ್ಮನ್ನು ಕೇಳಿದರು. ಅವರ ಮನೆಯಲ್ಲಿ ಅಜ್ಜಿ ತಮ್ಮವರನ್ನು ಕರೆದುಕೊಳ್ಳುವ ಹೆಸರು ಒಂದು, ಸಭಾಪಾಲಕರ ದಾಖಲೆಯಲ್ಲಿ ಇರುವುದು ಇನ್ನೊಂದು, ಶಾಲೆಯ ವರ್ಗಾವಣೆ ಪತ್ರದಲ್ಲಿ ಬರೆದಿರುವುದು ಮತ್ತೊಂದು, ಓಣಿಯವರು ಕರೆಯುವುದು ನಾಲ್ಕನೆಯದು. ನಾಲ್ಕರಲ್ಲಿ ಯಾವುದೂ ಸುಳ್ಳಲ್ಲ. ಆದರೂ ಒಂದು ಕಾಲಂನಲ್ಲಿ ಒಂದನ್ನೇ ಬರೆಯಬೇಕು. ಆ ದಿನ ನಾವು ಕೊಟ್ಟ ಉತ್ತರ ಅವರಿಗೂ ಸಮಾಧಾನ ತರಲಿಲ್ಲ, ನಮಗೂ ತರಲಿಲ್ಲ. ಈ ಲೇಖನಕ್ಕೆ ಆ ಅಸಮಾಧಾನವೇ ಪ್ರೇರಣೆ.

ಕನ್ನಡದ ವೈಯಾಕರಣರು ನಾಮಪದಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ವಿಂಗಡಿಸಿದ್ದಾರೆ. ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾ ವ್ಯಾಕರಣದವರೆಗೆ ಈ ವಿಭಾಗ ಬಳಕೆಯಲ್ಲಿದೆ. ಬಹುಕಾಲದಿಂದ ರೂಢಿಯಲ್ಲಿ ಬಂದದ್ದು ರೂಢನಾಮ. ಗುಣ, ವೃತ್ತಿ, ಸಂಬಂಧಗಳ ಅರ್ಥಕ್ಕೆ ಅನುಗುಣವಾಗಿ ಬಂದದ್ದು ಅನ್ವರ್ಥನಾಮ. ಗುರುತಿಗಾಗಿ ಇಟ್ಟುಕೊಂಡದ್ದು ಅಂಕಿತನಾಮ. ‘ವ್ಯಾಪಾರಿ’ ಅನ್ವರ್ಥ, ವ್ಯಾಪಾರ ಮಾಡುವ ಯಾರಿಗೂ ಅದು ಸಲ್ಲುತ್ತದೆ. ‘ಶಂಕರ’ ಅಂಕಿತ, ಆ ಹೆಸರಿಟ್ಟವನಿಗೆ ಮಾತ್ರ ಅದು ಸಲ್ಲುತ್ತದೆ. ಧಾರ್ಮಿಕ ಸಮುದಾಯಗಳ ಹೆಸರುಗಳು ಈ ಎರಡು ತುದಿಗಳ ನಡುವೆ ಓಡಾಡುತ್ತವೆ. ಆ ಓಡಾಟದ ಒಂದು ಸ್ಥಳೀಯ ಚರಿತ್ರೆಯನ್ನು ಬರೆಯುವುದು ನಮ್ಮ ಉದ್ದೇಶ.

2. ಸನ್ನತಿಯ ಒಂದು ಪದ

ಈ ಪ್ರದೇಶದಲ್ಲಿ ಮತಗಳನ್ನು ಹೆಸರಿಸುವ ಪ್ರಶ್ನೆ ಹೊಸದಲ್ಲ. ಚಿತ್ತಾಪುರ ಸೀಮೆಯ ಭೀಮಾತೀರದ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದೊಳಗೆ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲುಹಾಸಿನ ಮೇಲೆ ಅಶೋಕನ ಶಾಸನಗಳು 1980ರ ದಶಕದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂದವು. ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಆ ಕಲ್ಲಿನಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳ ಹಾಗೂ ಎರಡು ಪ್ರತ್ಯೇಕ ಶಾಸನಗಳ ಪಾಠಗಳಿವೆ. ಹನ್ನೆರಡನೆಯ ಶಾಸನದ ವಿಷಯವೇ ಮತಗಳ ನಡುವಿನ ಗೌರವ: ತನ್ನ ಮತವನ್ನು ಹೊಗಳಿಕೊಳ್ಳುವುದರಲ್ಲೂ ಪರರದನ್ನು ತೆಗಳುವುದರಲ್ಲೂ ಮಾತಿನ ಸಂಯಮ ಇರಬೇಕು ಎಂಬುದು ಅದರ ತಿರುಳು.

ಭಾಷಾವಿಜ್ಞಾನಿಗೆ ಅಲ್ಲಿ ಮುಖ್ಯವಾಗುವ ಪದ ‘ಪಾಸಂಡ’. ಅಶೋಕನ ಭಾಷೆಯಲ್ಲಿ ಅದಕ್ಕೆ ‘ಮತ, ಪಂಥ’ ಎಂಬಷ್ಟೇ ಅರ್ಥ. ತನ್ನ ಪಂಥವೂ ಪಾಸಂಡ, ಪರರದೂ ಪಾಸಂಡ. ಮುಂದೆ ಸಂಸ್ಕೃತದಲ್ಲಿ ‘ಪಾಷಂಡ’ ಎಂದಾದ ಅದೇ ಪದ ‘ವೇದಬಾಹ್ಯ, ನಾಸ್ತಿಕ’ ಎಂಬ ಅರ್ಥಕ್ಕೆ ತಿರುಗಿತು. ಕನ್ನಡದ ‘ಪಾಷಂಡಿ’ ಇಂದು ಬೈಗುಳ. ಪದದ ಧ್ವನಿರೂಪದಲ್ಲಿ ಆದದ್ದು ಅಲ್ಪ ಬದಲಾವಣೆ. ಅದನ್ನು ಯಾರು ಯಾರ ಬಗ್ಗೆ ಆಡುತ್ತಾರೆ ಎಂಬುದರಲ್ಲಿ ಆದದ್ದು ಪೂರ್ಣ ಪಲ್ಲಟ. ಎಲ್ಲರಿಗೂ ಸಲ್ಲುತ್ತಿದ್ದ ಸಾಮಾನ್ಯನಾಮ ‘ಅವರಿಗೆ’ ಮಾತ್ರ ಸಲ್ಲುವ ಗುರುತಾಯಿತು. ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ಚಲಿಸಿದ ಹೆಸರನ್ನು ಈಗ ನೋಡೋಣ.

3. ಅಂತಿಯೋಕ್ಯದ ಅಡ್ಡಹೆಸರು ಮತ್ತು ಕನ್ನಡದ ತದ್ಧಿತ

‘ಕ್ರಿಸ್ತಿಯಾನೋಸ್’ ಎಂಬ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಮೂರೇ ಕಡೆ: ಅಪೊಸ್ತಲರ ಕೃತ್ಯಗಳು ಗ್ರಂಥದಲ್ಲಿ ಎರಡು ಸಲ, ಪೇತ್ರನ ಮೊದಲ ಪತ್ರಿಕೆಯಲ್ಲಿ ಒಂದು ಸಲ. ಶಿಷ್ಯರಿಗೆ ಈ ಹೆಸರು ಮೊದಲು ಬಂದದ್ದು ಸಿರಿಯದ ಅಂತಿಯೋಕ್ಯ ನಗರದಲ್ಲಿ ಎಂದು ಕೃತ್ಯಗಳ ಗ್ರಂಥ ಹೇಳುತ್ತದೆ. ಅನುಯಾಯಿಗಳು ಪರಸ್ಪರ ಬಳಸುತ್ತಿದ್ದ ಪದಗಳು ಬೇರೆ: ಶಿಷ್ಯರು, ಸಹೋದರರು, ಪವಿತ್ರರು, ವಿಶ್ವಾಸಿಗಳು, ‘ಮಾರ್ಗ’ಕ್ಕೆ ಸೇರಿದವರು. ಎದುರಾಳಿಗಳು ‘ನಜರೇನರು’ ಎಂದೂ ಕರೆದದ್ದುಂಟು. ಪದರಚನೆಯೂ ಇದನ್ನೇ ಸೂಚಿಸುತ್ತದೆ. ಗ್ರೀಕ್ ‘ಕ್ರಿಸ್ತೋಸ್’ ಪ್ರಕೃತಿಗೆ ಲ್ಯಾಟಿನ್ ಮೂಲದ ‘-ಇಯಾನುಸ್’ ಪ್ರತ್ಯಯ ಸೇರಿದೆ. ಒಬ್ಬ ನಾಯಕನ ಪಕ್ಷದವರು, ಅವನ ಮನೆಯಾಳುಗಳು ಎಂಬ ಅರ್ಥದಲ್ಲಿ ರೋಮನ್ನರು ಬಳಸುತ್ತಿದ್ದ ಪ್ರತ್ಯಯವದು. ‘ಹೆರೋದನ ಕಡೆಯವರು’ ಎಂಬುದಕ್ಕೂ ಇದೇ ಬಗೆಯ ರಚನೆ. ಹೀಗಾಗಿ ‘ಕ್ರಿಸ್ತಿಯಾನೋಸ್’ ಹೊರಗಿನವರು ಇಟ್ಟ ಅಡ್ಡಹೆಸರೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ರೋಮನ್ ಲೇಖಕರ ಕಿವಿಗೆ ‘ಕ್ರಿಸ್ತೋಸ್’ (ಅಭಿಷಿಕ್ತ) ಎಂಬುದು ಗುಲಾಮರಿಗೆ ಇಡುತ್ತಿದ್ದ ‘ಕ್ರೆಸ್ತೋಸ್’ (ಒಳ್ಳೆಯವ) ಎಂಬ ಹೆಸರಿನಂತೆ ಕೇಳಿಸಿದ ಕುರುಹುಗಳೂ ಇವೆ. ಪೇತ್ರನ ಪತ್ರಿಕೆಯ ಹೊತ್ತಿಗೆ ಈ ಹೆಸರಿಗಾಗಿ ಬಾಧೆಪಡುವವನು ನಾಚಬೇಕಿಲ್ಲ ಎಂಬ ಧೋರಣೆ ಕಾಣಿಸುತ್ತದೆ. ನಾಚಿಕೆಯ ಪ್ರಸ್ತಾಪವೇ ಆ ಹೆಸರಿನ ಹುಟ್ಟಿಗೆ ಸಾಕ್ಷಿ. ‘ಪಾಸಂಡ’ ಗೌರವದಿಂದ ಬೈಗುಳಕ್ಕೆ ಇಳಿಯಿತು. ‘ಕ್ರಿಸ್ತಿಯಾನೋಸ್’ ಮೂದಲಿಕೆಯಿಂದ ಗೌರವಕ್ಕೆ ಏರಿತು.

ಈ ಪದಕ್ಕೆ ಕನ್ನಡ ಕೊಟ್ಟ ಪ್ರತಿರೂಪ ‘ಕ್ರೈಸ್ತ’. ಇದು ಲಿಪ್ಯಂತರವಲ್ಲ, ವ್ಯಾಕರಣಬದ್ಧ ರಚನೆ. ‘ಕ್ರಿಸ್ತ’ ಎಂಬ ಅಕಾರಾಂತ ಪ್ರಕೃತಿಗೆ ಸಂಸ್ಕೃತದ ‘ಅಣ್’ ಎಂಬ ತದ್ಧಿತ ಪ್ರತ್ಯಯ ಸೇರಿದಾಗ ಮೊದಲ ಸ್ವರಕ್ಕೆ ವೃದ್ಧಿ ಬಂದು ಇಕಾರವು ಐಕಾರವಾಗುತ್ತದೆ. ಶಿವ–ಶೈವ, ಜಿನ–ಜೈನ, ಬುದ್ಧ–ಬೌದ್ಧ, ವಿಷ್ಣು–ವೈಷ್ಣವ ಎಂಬ ಸಾಲಿನಲ್ಲಿ ಕ್ರಿಸ್ತ–ಕ್ರೈಸ್ತ ಕೂಡುತ್ತದೆ. ‘ಅವನು ಯಾರಿಗೆ ದೇವತೆಯೋ ಅವರು’, ‘ಅವನಿಗೆ ಸಂಬಂಧಿಸಿದ್ದು’ ಎಂಬ ಅರ್ಥಗಳು ಈ ಪ್ರತ್ಯಯಕ್ಕೆ ಇವೆ. ಲ್ಯಾಟಿನ್ ಪ್ರತ್ಯಯದಲ್ಲಿದ್ದ ‘ಪಕ್ಷದವರು’ ಎಂಬ ಕೊಂಕು ಕನ್ನಡಕ್ಕೆ ಬರುವಾಗ ಬಿದ್ದುಹೋಯಿತು. ಬದಲಿಗೆ ಶೈವ, ಜೈನ, ಬೌದ್ಧರೊಂದಿಗೆ ಸಮಪಂಕ್ತಿ ದೊರೆಯಿತು. ಈ ಸಮಪಂಕ್ತಿಯನ್ನು ಕೊಟ್ಟದ್ದು ರಾಜಾಜ್ಞೆಯಲ್ಲ, ಒಂದು ಪ್ರತ್ಯಯ.

ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ನೆಲೆಸಿ ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಪ್ರಕಟಿಸಿದರು. ಮಿಶನರಿಗಳ ಮತ್ತು ಅವರೊಡನೆ ದುಡಿದ ಕನ್ನಡ ಪಂಡಿತರ ಕೈಯಲ್ಲಿ ತದ್ಧಿತ ಪ್ರಕರಣವೂ ಬೈಬಲೂ ಒಟ್ಟಿಗಿದ್ದವು ಎಂಬುದನ್ನು ಗಮನಿಸಬೇಕು. ‘ಕ್ರೈಸ್ತ’ ಪದ ಶಿಷ್ಟ ಕನ್ನಡದಲ್ಲಿ ನಿಲ್ಲಲು ಬೇಕಾದ ನೆಲ ಅಲ್ಲಿ ಸಿದ್ಧವಾಗಿತ್ತು.

4. ಗಡಿನಾಡಿನ ಹೆಸರುಗಳು

ಬಳ್ಳಾರಿ, ಮಂಗಳೂರುಗಳ ಮುದ್ರಣಾಲಯಗಳಿಂದ ಹೊರಟ ಈ ಶಿಷ್ಟ ಪದ ಕಲಬುರಗಿಗೆ ಬಂದಾಗ ಅಲ್ಲಿ ಬೇರೆ ಹೆಸರುಗಳಿದ್ದವು. ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳ ಮೂಡಣ ಅಂಚಿಗೆ ತೆಲುಗು ನಾಡು. ಜಿಲ್ಲೆಯ ಪಡುವಣಕ್ಕೆ ಮರಾಠಿ. 1948ರ ಸೆಪ್ಟೆಂಬರ್ 17ರವರೆಗೆ ಇಡೀ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದ್ದು, ದಫ್ತರದ ಭಾಷೆ ಉರ್ದು.

ತೆಲುಗಿನಲ್ಲಿ ಕ್ರೈಸ್ತರಿಗೆ ಇರುವ ಶಿಷ್ಟ ಪದ ‘ಕ್ರೈಸ್ತವ’. ಕನ್ನಡದ ‘ಕ್ರೈಸ್ತ’ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಆಕಸ್ಮಿಕವಲ್ಲ. ತೆಲುಗಿನಲ್ಲಿ ಮೂಲಶಬ್ದ ‘ಕ್ರೀಸ್ತು’ ಎಂಬ ಉಕಾರಾಂತ. ಅದೇ ‘ಅಣ್’ ಪ್ರತ್ಯಯ ಉಕಾರಾಂತಕ್ಕೆ ಸೇರಿದಾಗ ಕೊನೆಯ ಉಕಾರಕ್ಕೆ ಗುಣ ಬಂದು, ಅವಾದೇಶವಾಗಿ, ವಿಷ್ಣುವಿನಿಂದ ‘ವೈಷ್ಣವ’ ಆದಂತೆ ಕ್ರೀಸ್ತುವಿನಿಂದ ‘ಕ್ರೈಸ್ತವ’ ಆಗುತ್ತದೆ. ಕನ್ನಡದ ಮೂಲಶಬ್ದ ಅಕಾರಾಂತವಾದ್ದರಿಂದ ಶಿವನಿಂದ ‘ಶೈವ’ ಆದಂತೆ ‘ಕ್ರೈಸ್ತ’ ಆಯಿತು. ಮಲಯಾಳದ ‘ಕ್ರೈಸ್ತವ’ವೂ ತೆಲುಗಿನ ದಾರಿಯನ್ನೇ ಹಿಡಿದಿದೆ. ಎರಡೂ ಭಾಷೆಗಳು ಒಂದೇ ಸೂತ್ರವನ್ನು ನಿಷ್ಠೆಯಿಂದ ಪಾಲಿಸಿ ಎರಡು ರೂಪಗಳನ್ನು ಪಡೆದಿವೆ. ಸೇಡಂ ಗಡಿಯ ಕನ್ನಡಿಗನೊಬ್ಬ ‘ಕ್ರೈಸ್ತವರು’ ಎಂದರೆ ಅದನ್ನು ತಪ್ಪೆಂದು ತಿದ್ದುವ ಮೊದಲು, ಅದರ ಹಿಂದೆ ಇನ್ನೊಂದು ಭಾಷೆಯ ಸರಿ ಇದೆ ಎಂಬುದನ್ನು ನೆನೆಯಬೇಕು.

ಮರಾಠಿಯದು ‘ಖ್ರಿಸ್ತಿ’, ಇಲ್ಲಿ ವೃದ್ಧಿಯಿಲ್ಲ, ಸಂಬಂಧಾರ್ಥದ ‘-ಈ’ ಪ್ರತ್ಯಯವಿದೆ. ಉರ್ದುವಿನ ‘ಈಸಾಯಿ’ಯಲ್ಲೂ ಅದೇ ಪ್ರತ್ಯಯ, ಆದರೆ ಪ್ರಕೃತಿ ಬೇರೆ. ಅದು ‘ಕ್ರಿಸ್ತ’ ಎಂಬ ಬಿರುದಿನಿಂದಲ್ಲ, ‘ಈಸಾ’ ಎಂಬ ವ್ಯಕ್ತಿನಾಮದಿಂದ ಬಂದದ್ದು. ಉರ್ದುವಿನಲ್ಲೇ ಇರುವ ‘ಮಸೀಹಿ’ ಪದ ‘ಮಸೀಹ’ ಅಂದರೆ ಅಭಿಷಿಕ್ತ ಎಂಬುದರಿಂದ ಬಂದಿದ್ದು, ಅರ್ಥದಲ್ಲಿ ‘ಕ್ರೈಸ್ತ’ಕ್ಕೆ ಹೆಚ್ಚು ಸಮೀಪ. ಉತ್ತರ ಭಾರತದ ಅನೇಕ ಅನುಯಾಯಿಗಳು ತಮ್ಮನ್ನು ‘ಮಸೀಹಿ’ ಎಂದು ಕರೆದುಕೊಳ್ಳಲು ಇಷ್ಟಪಡುತ್ತಾರೆ. ‘ಈಸಾಯಿ’ ಹೆಚ್ಚಾಗಿ ಇತರರು ಬಳಸುವ ಪದ. ಅರಬ್ಬಿ ಮೂಲದ ‘ನಸ್ರಾನಿ’ಯ ಬೇರು ‘ನಜರೇತ್’ ಎಂಬ ಊರು. ಅದನ್ನೇ ಕೇರಳದ ಪ್ರಾಚೀನ ಸಿರಿಯನ್ ಸಮುದಾಯ ‘ನಸ್ರಾಣಿ’ ಎಂದು ಹೆಮ್ಮೆಯಿಂದ ಹೊತ್ತಿದೆ. ಒಂದೇ ಪದ ಒಂದೆಡೆ ಹೊರಗಿನ ಗುರುತು, ಇನ್ನೊಂದೆಡೆ ಮನೆತನದ ಹೆಸರು.

ಉಳಿದದ್ದು ‘ಕಿರಿಸ್ತಾನ’. ಪೋರ್ಚುಗೀಸ್ ಮೂಲದ ಈ ಪದದ ಜ್ಞಾತಿರೂಪವಾದ ‘ಕಿರಿಸ್ತಾಂವ್’ ಕೊಂಕಣಿ ಕಥೋಲಿಕರಲ್ಲಿ ಇಂದಿಗೂ ಸ್ವನಾಮ. ಕನ್ನಡದಲ್ಲಿ ಆದಿಯ ವ್ಯಂಜನಗುಚ್ಛ ಸ್ವರಭಕ್ತಿಯಿಂದ ಬಿಡಿಸಿಕೊಂಡು ‘ಕ್ರಿ’ ಎಂಬುದು ‘ಕಿರಿ’ ಆಗಿದೆ. ‘ಶ್ರೀ’ಯಿಂದ ‘ಸಿರಿ’, ‘ಭಕ್ತಿ’ಯಿಂದ ‘ಬಕುತಿ’, ‘ಮುಕ್ತಿ’ಯಿಂದ ‘ಮುಕುತಿ’ ಆದದ್ದೂ ಇದೇ ನಿಯಮದಿಂದ. ಆದರೆ ‘ಸಿರಿ’ಗೆ ಕಾವ್ಯದ ಮರ್ಯಾದೆ ದೊರೆಯಿತು, ‘ಕಿರಿಸ್ತಾನ’ಕ್ಕೆ ದೊರೆಯಲಿಲ್ಲ. ಜಾತಿಯಿಂದ ಹೊರಗಾದವನು ಎಂಬ ತಿರಸ್ಕಾರದೊಂದಿಗೆ ಅದನ್ನು ಬಹುಕಾಲ ಆಡಿದ್ದರಿಂದ, ಕನ್ನಡ ಮಾತನಾಡುವ ಅನುಯಾಯಿಗಳಲ್ಲಿ ಹಲವರಿಗೆ ಅದು ನೋಯಿಸುವ ಪದ. ಧ್ವನಿನಿಯಮ ಒಂದೇ ಆಗಿದ್ದರೂ ಸಾಮಾಜಿಕ ಬೆಲೆ ಬೇರೆಯಾಗುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಕಡಿಮೆ.

5. ಸಭೆ, ಚರ್ಚು, ಇಗರ್ಜಿ, ಪಳ್ಳಿ

ಅನುಯಾಯಿಗಳ ಹೆಸರಿನಿಂದ ಅವರ ಕೂಟದ ಹೆಸರಿಗೆ ಬರೋಣ. ಹೊಸ ಒಡಂಬಡಿಕೆಯ ‘ಎಕ್ಲೇಸಿಯ’ ಮೂಲತಃ ಧಾರ್ಮಿಕ ಪದವಲ್ಲ. ಗ್ರೀಕ್ ನಗರಗಳಲ್ಲಿ ಕರೆಯ ಮೇರೆಗೆ ಸೇರುವ ನಾಗರಿಕರ ಕೂಟಕ್ಕೆ ಆ ಹೆಸರಿತ್ತು. ಎಫೆಸದಲ್ಲಿ ಪೌಲನ ವಿರುದ್ಧ ಗದ್ದಲವೆಬ್ಬಿಸಿದ ಜನಸಮೂಹಕ್ಕೂ ಕೃತ್ಯಗಳ ಗ್ರಂಥ ಅದೇ ಪದವನ್ನು ಬಳಸುತ್ತದೆ. ಕನ್ನಡ ಅನುವಾದಕರು ಆರಿಸಿದ ‘ಸಭೆ’ ಈ ದೃಷ್ಟಿಯಿಂದ ಬಹು ಸಮರ್ಪಕ. ಗ್ರಾಮಸಭೆ, ವಿಧಾನಸಭೆ, ರಾಜಸಭೆಗಳಲ್ಲಿ ಇರುವ ಲೌಕಿಕ ಪದವೇ ಇಲ್ಲಿಯೂ ಇದೆ. ಇಂಗ್ಲಿಷಿನ ‘ಚರ್ಚ್’ ಬಂದದ್ದು ‘ಕ್ಯೂರಿಯಾಕೋನ್’ ಅಂದರೆ ‘ಒಡೆಯನದು’ ಎಂಬ ಬೇರೊಂದು ಗ್ರೀಕ್ ಪದದಿಂದ. ‘ಒಡೆಯನ ಮನೆ’ ಎಂಬ ಕಟ್ಟಡದ ಅರ್ಥ ಅದರಲ್ಲಿ ಮುಂದು. ಪೋರ್ಚುಗೀಸರ ‘ಇಗ್ರೇಜ’ ಮಾತ್ರ ‘ಎಕ್ಲೇಸಿಯ’ದ ನೇರ ಸಂತಾನ, ಅದರಿಂದ ಕರಾವಳಿಯ ‘ಇಗರ್ಜಿ’, ಉರ್ದುವಿನ ‘ಗಿರ್ಜಾ’ ಹುಟ್ಟಿದವು. ಜನರ ಕೂಟಕ್ಕೆ ಹುಟ್ಟಿದ ಪದ ಇವೆರಡರಲ್ಲೂ ಕಟ್ಟಡದ ಹೆಸರಾಗಿ ನಿಂತಿದೆ.

ಕನ್ನಡದಲ್ಲಿ ಹೀಗೆ ಒಂದು ಅನುಕೂಲ ಒದಗಿದೆ. ಪ್ರಾಟೆಸ್ಟಂಟರ ಬಳಕೆಯಲ್ಲಿ ಜನಸಮುದಾಯ ‘ಸಭೆ’, ಅದನ್ನು ನಡೆಸುವವರು ‘ಸಭಾಪಾಲಕರು’; ಕಟ್ಟಡ ‘ಚರ್ಚು’ ಅಥವಾ ‘ದೇವಾಲಯ’. ಕಥೋಲಿಕರ ಬಳಕೆಯಲ್ಲಿ ಜಾಗತಿಕ ಸಮುದಾಯ ‘ಧರ್ಮಸಭೆ’, ಆಡಳಿತ ಪ್ರದೇಶ ‘ಧರ್ಮಕ್ಷೇತ್ರ’, ಅದರ ಮುಖ್ಯಸ್ಥರು ‘ಧರ್ಮಾಧ್ಯಕ್ಷರು’. ಕಲಬುರಗಿಯೇ 2005ರಲ್ಲಿ ಒಂದು ಕಥೋಲಿಕ ಧರ್ಮಕ್ಷೇತ್ರವಾಯಿತು. ಇಂಗ್ಲಿಷಿನಲ್ಲಿ ಒಂದೇ ಪದ ಹೊರುವ ಭಾರವನ್ನು ಕನ್ನಡ ಎರಡು ಮೂರು ಪದಗಳಿಗೆ ಹಂಚಿದೆ. ಇತ್ತೀಚೆಗೆ ‘ಚರ್ಚು’ ಎಂಬುದೇ ಜನ, ಕಟ್ಟಡ, ಸಂಸ್ಥೆ ಮೂರಕ್ಕೂ ಹಬ್ಬುತ್ತಿರುವುದರಿಂದ ಈ ವಿವೇಕ ಮಸುಕಾಗುತ್ತಿದೆ.

ಈ ಸಂದರ್ಭದಲ್ಲಿ ಚಿಂಚೋಳಿ ವನ್ಯಜೀವಿಧಾಮದೊಳಗಿನ ಜಲಾಶಯದಿಂದ ಪರಿಚಿತವಾದ ‘ಚಂದ್ರಂಪಳ್ಳಿ’ ಎಂಬ ಊರಹೆಸರು ಪಾಠವೊಂದನ್ನು ಕಲಿಸುತ್ತದೆ. ನಡುಗನ್ನಡದ ಹೊತ್ತಿಗೆ ಪದಾದಿಯ ಪಕಾರ ಹಕಾರವಾಗಿ ‘ಪಾಲು’ ‘ಹಾಲು’ ಆದಂತೆ ‘ಪಳ್ಳಿ’ ‘ಹಳ್ಳಿ’ ಆಯಿತು. ಚಂದ್ರಂಪಳ್ಳಿಯಲ್ಲಿ ಪಕಾರ ಉಳಿದಿದೆ. ಹಿಂದಿನ ಅನುನಾಸಿಕದ ರಕ್ಷಣೆಯಿಂದ ಉಳಿದಿರಬಹುದು, ತೆಲುಗಿನ ‘ಪಲ್ಲಿ’ಯ ನೆರೆಯಿಂದಲೂ ಉಳಿದಿರಬಹುದು. ಇದೇ ‘ಪಳ್ಳಿ’ ತಮಿಳಿನಲ್ಲಿ ಜೈನ, ಬೌದ್ಧ ಮುನಿಗಳ ನೆಲೆಯನ್ನೂ ಸೂಚಿಸಿತ್ತು. ಮಲಯಾಳದಲ್ಲಿ ಇಂದು ಚರ್ಚನ್ನೂ ಮಸೀದಿಯನ್ನೂ ಸೂಚಿಸುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಮಳಖೇಡದ ಜೈನರ ‘ಬಸದಿ’ಯೂ ‘ವಸತಿ’ಯ ತದ್ಭವವೇ. ವಾಸದ ಜಾಗಕ್ಕೆ ಇದ್ದ ಪದ ಆರಾಧನೆಯ ಜಾಗಕ್ಕೆ ಸಲ್ಲುವುದು ದ್ರಾವಿಡ ನಾಡಿನಲ್ಲಿ ಹಳೆಯ ರೂಢಿ. ಆರಾಧನಾಸ್ಥಳದ ಹೆಸರು ಯಾವ ಮತದ ಖಾಸಗಿ ಸ್ವತ್ತೂ ಆಗಿರಬೇಕಿಲ್ಲ ಎಂಬುದಕ್ಕೆ ಈ ಎರಡು ಪದಗಳು ಸಾಕು.

6. ಉಳಿಸಿಕೊಂಡ ಹೆಸರು, ಬಿಟ್ಟುಕೊಟ್ಟ ಹೆಸರು

ಪಂಗಡಗಳ ಹೆಸರುಗಳನ್ನು ರಚನೆಯ ದೃಷ್ಟಿಯಿಂದ ನೋಡಿದರೆ ಕೆಲವೇ ಬಗೆಗಳು ಕಾಣುತ್ತವೆ. ಮಾನವ ಗುರುವಿನಿಂದ ಬಂದವು: ಲೂಥರನ್, ವೆಸ್ಲಿಯನ್. ಆಡಳಿತ ಕ್ರಮದಿಂದ ಬಂದವು: ಎಪಿಸ್ಕೋಪಲ್, ಪ್ರೆಸ್ಬಿಟೇರಿಯನ್. ಆಚರಣೆಯಿಂದ ಬಂದದ್ದು: ಬ್ಯಾಪ್ಟಿಸ್ಟ್. ಊರು, ನಾಡುಗಳಿಂದ ಬಂದವು: ಬಾಸೆಲ್ ಮಿಶನ್, ದಕ್ಷಿಣ ಭಾರತ ಸಭೆ. ಕನ್ನಡ ನಾಡಿನ ಧಾರ್ಮಿಕ ನಾಮಗಳಿಗೂ ಇಂಥದೇ ಹಂಚಿಕೆ ಇದೆ: ದೇವತೆಯಿಂದ ಶೈವ, ಲಾಂಛನದಿಂದ ಲಿಂಗವಂತ, ನಡೆಯಿಂದ ಶರಣ. ಗುರುವಿನ ಹೆಸರನ್ನು ಹೊರುವುದಕ್ಕೆ ಆಕ್ಷೇಪವೂ ಹಳೆಯದು. ‘ನಾನು ಪೌಲನವನು, ನಾನು ಅಪೊಲ್ಲೋಸನವನು’ ಎಂದು ಬಣ ಕಟ್ಟಿದ ಕೊರಿಂಥದವರನ್ನು ಪೌಲನೇ ಗದರಿಸಿದ್ದಾನೆ. ತನ್ನ ಹೆಸರಿನಿಂದ ಜನ ಕರೆದುಕೊಳ್ಳಬಾರದೆಂದು ಲೂಥರನು 1522ರಲ್ಲೇ ಬರೆದಿದ್ದ. ಆ ಹೆಸರೇ ಉಳಿಯಿತು.

ಕಲಬುರಗಿ, ಬೀದರ, ರಾಯಚೂರು ಸೀಮೆಯಲ್ಲಿ ಬೇರೂರಿದ ಮುಖ್ಯ ಪ್ರಾಟೆಸ್ಟಂಟ್ ಹೆಸರು ‘ಮೆಥೋಡಿಸ್ಟ್’. ಇದೂ ಅಡ್ಡಹೆಸರೇ. ಹದಿನೆಂಟನೆಯ ಶತಮಾನದ ಆಕ್ಸ್‌ಫರ್ಡಿನಲ್ಲಿ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯವರ ಗೆಳೆಯರ ಗುಂಪು ಪ್ರಾರ್ಥನೆ, ಓದು, ಉಪವಾಸ, ಸೆರೆಮನೆ ಭೇಟಿಗಳನ್ನು ಕಟ್ಟುನಿಟ್ಟಿನ ಕ್ರಮದಲ್ಲಿ ನಡೆಸುತ್ತಿದ್ದುದನ್ನು ಕಂಡು ಸಹಪಾಠಿಗಳು ಗೇಲಿಗಾಗಿ ಇಟ್ಟ ‘ಕ್ರಮದವರು’ ಎಂಬ ಹೆಸರ‍ದು. ಅಂತಿಯೋಕ್ಯದ ಕಥೆ ಅಲ್ಲಿ ಮರುಕಳಿಸಿತು. ಈ ಹೆಸರು ಎರಡು ಕೊಂಬೆಗಳಾಗಿ ಭಾರತಕ್ಕೆ ಬಂತು. ಬ್ರಿಟಿಷ್ ವೆಸ್ಲಿಯನ್ನರು ಮೈಸೂರು ಸಂಸ್ಥಾನದಲ್ಲಿ ಮತ್ತು ನಿಜಾಮ ರಾಜ್ಯದ ಮೆದಕ ಭಾಗದಲ್ಲಿ ನೆಲೆಸಿದರು. ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಚರ್ಚು 1870ರ ದಶಕದಲ್ಲಿ ವಿಲಿಯಂ ಟೇಲರರ ಪ್ರಚಾರದಿಂದ ಮುಂಬಯಿ, ಸಿಕಂದರಾಬಾದ್, ಬೆಂಗಳೂರುಗಳಿಗೆ ಹರಡಿತು. 1876ರಲ್ಲಿ ಅದರ ದಕ್ಷಿಣ ಭಾರತ ಸಮ್ಮೇಳನ ರೂಪುಗೊಂಡಿತು. ಅದೇ ಕಾಲಕ್ಕೆ ಮುಂಬಯಿಯಿಂದ ರಾಯಚೂರಿಗೆ ಸಾಗುವ ರೈಲುಮಾರ್ಗ ಶಹಾಬಾದ್, ವಾಡಿಗಳ ಮೂಲಕ ಹಾದಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ಮುಂದೆ ಸಿಮೆಂಟು ಕಾರ್ಖಾನೆಗಳು ಬಂದವು. ರೈಲು, ಕಲ್ಲು, ಸಿಮೆಂಟುಗಳ ಕೆಲಸಕ್ಕೆ ಬಂದ ಬೇರೆ ಬೇರೆ ನುಡಿಯ ಜನರೊಂದಿಗೆ ಬೇರೆ ಬೇರೆ ಪಂಗಡಗಳ ಹೆಸರುಗಳೂ ಈ ಊರುಗಳಿಗೆ ಬಂದಿಳಿದವು.

ಪರದೇಶದ ಜಗಳಗಳಿಂದ ಹುಟ್ಟಿದ ಹೆಸರುಗಳನ್ನು ಇಲ್ಲಿನ ರೈತಕೂಲಿಗಳು ಏಕೆ ಹೊರಬೇಕು ಎಂಬ ಪ್ರಶ್ನೆಯನ್ನು ಬಲವಾಗಿ ಎತ್ತಿದವರಲ್ಲಿ ಇದೇ ನಿಜಾಮ ರಾಜ್ಯದ ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ ಪ್ರಮುಖರು. 1919ರ ತರಂಗಂಬಾಡಿ ಸಮಾವೇಶದಿಂದ ಮೊದಲಾದ ಏಕೀಕರಣದ ಮಾತುಕತೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ‘ದಕ್ಷಿಣ ಭಾರತ ಸಭೆ’ಯಾಗಿ ಫಲಿಸಿತು. ಆಂಗ್ಲಿಕನ್ನರು, ಬ್ರಿಟಿಷ್ ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಮೂಲದವರು ತಮ್ಮ ಹೆಸರುಗಳನ್ನು ಬಿಟ್ಟುಕೊಟ್ಟು ನಾಡಿನ ಹೆಸರನ್ನು ತಳೆದರು. ಅಮೆರಿಕದ ಕೊಂಬೆ ಈ ಒಕ್ಕೂಟಕ್ಕೆ ಸೇರಲಿಲ್ಲ. ಅದು 1939ರಲ್ಲಿ ತನ್ನ ಹೆಸರಿನಿಂದ ‘ಎಪಿಸ್ಕೋಪಲ್’ ಅನ್ನು ಕೈಬಿಟ್ಟಿತ್ತು. 1981ರಲ್ಲಿ ‘ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಹೀಗೆ ಒಬ್ಬನೇ ವೆಸ್ಲಿಯ ಪರಂಪರೆಯವರು ಮೈಸೂರು, ಮೆದಕಗಳಲ್ಲಿ ಹೆಸರನ್ನು ಬಿಟ್ಟರು, ಕಲಬುರಗಿಯಲ್ಲಿ ಉಳಿಸಿಕೊಂಡರು.

ಬಿಟ್ಟವರು ಹೆಸರಿನ ಸಮಸ್ಯೆಯಿಂದ ಪಾರಾದರೇ? ‘ದಕ್ಷಿಣ ಭಾರತ ಸಭೆ’ ಅನ್ವರ್ಥವಾಗಿ ಹುಟ್ಟಿತು. ದಕ್ಷಿಣ ಭಾರತದ ಸಭೆಯೆಲ್ಲ ಒಂದಾಗಲಿ ಎಂಬ ಆಶಯ ಅದರಲ್ಲಿತ್ತು. ಬಳಕೆಯಲ್ಲಿ ಅದು ‘ಸಿ.ಎಸ್.ಐ.’ ಎಂಬ ಮೂರಕ್ಷರವಾಗಿ, ಇತರ ಪಂಗಡಗಳ ಸಾಲಿನಲ್ಲಿ ಇನ್ನೊಂದು ಅಂಕಿತವಾಯಿತು. ಅಮೆರಿಕದಲ್ಲಿ ಇದಕ್ಕೂ ಮೊದಲೇ ಇಂಥದು ನಡೆದಿತ್ತು. ಪಂಗಡದ ಹೆಸರುಗಳೇ ಬೇಡ, ಗ್ರಂಥದಲ್ಲಿರುವ ಹೆಸರು ಸಾಕು ಎಂದ ಎರಡು ಗುಂಪುಗಳು 1832ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಒಂದಾದವು. ಬಾರ್ಟನ್ ಸ್ಟೋನ್ ‘ಕ್ರೈಸ್ತರು’ ಎಂಬುದನ್ನು ಬಯಸಿದರು. ಅಲೆಗ್ಸಾಂಡರ್ ಕ್ಯಾಂಬೆಲ್ ‘ಶಿಷ್ಯರು’ ಎಂಬುದನ್ನು. 1906ರ ಅಲ್ಲಿನ ಧಾರ್ಮಿಕ ಗಣತಿಯಲ್ಲಿ ‘ಕ್ರಿಸ್ತನ ಸಭೆಗಳು’ ಎಂಬುದು ಪ್ರತ್ಯೇಕ ಪಂಗಡವಾಗಿ ದಾಖಲಾಯಿತು. ಎಲ್ಲರಿಗೂ ಸಲ್ಲಬೇಕಾದ ಮೂರು ಅನ್ವರ್ಥಗಳು ಮೂರು ಅಂಕಿತಗಳಾದವು. ಇಂಗ್ಲಿಷಿನಲ್ಲಿ ಈ ಪಲ್ಲಟವನ್ನು ದೊಡ್ಡಕ್ಷರ ತೋರಿಸುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ‘ಕ್ರಿಸ್ತನ ಸಭೆ’ ಎಂದು ಬರೆದಾಗ ಅದು ವರ್ಣನೆಯೋ ಫಲಕದ ಮೇಲಿನ ಹೆಸರೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಇದನ್ನು ಲಿಪಿಯ ಕೊರತೆ ಎನ್ನುವ ಬದಲು, ಹೆಸರನ್ನು ಒಬ್ಬರ ಸ್ವತ್ತಾಗಲು ಬಿಡದ ಗುಣವೆನ್ನಲು ನಮಗೆ ಇಷ್ಟ.

7. ಕಾಲಂನಲ್ಲಿ ಬರೆಯುವ ಹೆಸರು

1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ದಫ್ತರದ ಉರ್ದು ಹಿಂದೆ ಸರಿಯಿತು. ‘ಈಸಾಯಿ’ಯ ಜಾಗಕ್ಕೆ ‘ಕ್ರಿಶ್ಚಿಯನ್’, ‘ಕ್ರೈಸ್ತ’ಗಳು ಬಂದವು. ಆದರೆ ಆ ಹೊತ್ತಿಗೆ ಹೆಸರಿನ ಪ್ರಶ್ನೆ ಕಾನೂನಿನ ಪ್ರಶ್ನೆಯೂ ಆಗಿತ್ತು. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಮೂರನೆಯ ಪ್ಯಾರಾ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರು ಹೊರಗುಳಿದರು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ‘ಕ್ರೈಸ್ತ ಧರ್ಮಕ್ಕೆ ಮತಾಂತರಗೊಂಡ ಪರಿಶಿಷ್ಟ ಜಾತಿಯವರು’ ಪ್ರವರ್ಗ 1ರಲ್ಲಿ ಇದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಈ ವಿಷಯದ ಪರಿಶೀಲನೆಗೆ ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ಜಾತಿಪಟ್ಟಿಯಲ್ಲಿ ಹಲವು ಜಾತಿನಾಮಗಳಿಗೆ ‘ಕ್ರಿಶ್ಚಿಯನ್’ ಸೇರಿದ ಸಂಯುಕ್ತ ಹೆಸರುಗಳು ಕಂಡಾಗ ತೀವ್ರ ಆಕ್ಷೇಪ ಬಂದು, ಅಂಥ ಹೆಸರುಗಳಲ್ಲಿ ಹಲವನ್ನು ಪಟ್ಟಿಯಿಂದ ಮರೆಮಾಡಲಾಯಿತು.

ಈ ವಿವಾದದ ರಾಜಕೀಯ ನಮ್ಮ ಕ್ಷೇತ್ರದ್ದಲ್ಲ. ಅದರ ವ್ಯಾಕರಣ ನಮ್ಮದು. ‘ಜಾತಿ + ಕ್ರೈಸ್ತ’ ಎಂಬ ಸಮಾಸದಲ್ಲಿ ಉತ್ತರಪದ ಪ್ರಧಾನ: ‘ಇಂಥ ಕುಲದ ಹಿನ್ನೆಲೆಯ ಕ್ರೈಸ್ತ’. ಪಟ್ಟಿಯಲ್ಲಿ ಓದುವವರಲ್ಲಿ ಅನೇಕರಿಗೆ ಪೂರ್ವಪದ ಪ್ರಧಾನವಾಗಿ ಕಂಡಿತು: ‘ಈ ಜಾತಿಯ ಒಂದು ಉಪವಿಭಾಗ’. ಕೆಲವರಿಗೆ ಅದು ತಮ್ಮ ಕುಲದ ಹೆಸರಿನ ಅಪಹರಣ; ಇನ್ನು ಕೆಲವರಿಗೆ ಜಾತಿಯಿಂದ ಬಿಡುಗಡೆಗೆಂದು ತೆಗೆದುಕೊಂಡ ಹೆಸರಿಗೆ ಜಾತಿಯನ್ನು ಮರಳಿ ಅಂಟಿಸಿದಂತೆ; ಮತ್ತೆ ಕೆಲವರಿಗೆ, ಹೆಸರು ಬದಲಾದರೂ ಬದಲಾಗದ ಬಡತನ ಮತ್ತು ಅಸ್ಪೃಶ್ಯತೆಗಳನ್ನು ದಾಖಲಿಸುವ ಏಕೈಕ ದಾರಿ. ಒಂದೇ ಸಮಾಸದ ಮೂರು ವಿಗ್ರಹವಾಕ್ಯಗಳಿವು. ‘ಕ್ರೈಸ್ತ’ ಪದ ಅನ್ವರ್ಥವಾಗಿರುವವರೆಗೆ, ಅಂದರೆ ‘ಕ್ರಿಸ್ತನನ್ನು ದೇವರೆಂದು ನಂಬಿದವರು’ ಎಂಬಷ್ಟೇ ಅರ್ಥ ಕೊಡುವವರೆಗೆ, ಅದಕ್ಕೂ ಕುಲನಾಮಕ್ಕೂ ಘರ್ಷಣೆ ಇಲ್ಲ. ಕಾಲಂ ಅದನ್ನು ಜಾತಿಯಂಥ ಅಂಕಿತವನ್ನಾಗಿ ಮಾಡಿದಾಗ ಒಂದನ್ನು ಬರೆದರೆ ಇನ್ನೊಂದನ್ನು ಅಳಿಸಬೇಕಾಗುತ್ತದೆ. ನಮ್ಮ ವಿದ್ಯಾರ್ಥಿನಿಯ ಪೆನ್ನು ನಿಂತದ್ದು ಈ ಜಾಗದಲ್ಲಿ.

8. ಸಮಾರೋಪ

ಮೇಲಿನ ಚರ್ಚೆಯಿಂದ ಕನ್ನಡದ ಶಾಸ್ತ್ರೀಯ ಬರವಣಿಗೆಗೆ ನಾವು ಮಾಡುವ ಸೂಚನೆಗಳು ನಾಲ್ಕು. ಅನುಯಾಯಿಗಳ ಸಾಮಾನ್ಯನಾಮವಾಗಿ ‘ಕ್ರೈಸ್ತ’ ಅತ್ಯಂತ ಸಮರ್ಪಕ. ಅದು ಗ್ರಂಥಸ್ಥ ಹೆಸರಿಗೆ ಹೊಂದುತ್ತದೆ, ಕನ್ನಡದ ತದ್ಧಿತ ಕ್ರಮಕ್ಕೂ ಹೊಂದುತ್ತದೆ. ಸಮುದಾಯಕ್ಕೆ ‘ಸಭೆ’, ಕಟ್ಟಡಕ್ಕೆ ‘ಚರ್ಚು’ ಅಥವಾ ‘ದೇವಾಲಯ’ ಎಂಬ ವಿವೇಕವನ್ನು ಕಾಪಾಡಿಕೊಳ್ಳಬೇಕು. ಪಂಗಡದ ಹೆಸರುಗಳನ್ನು ಆಯಾ ಪಂಗಡದವರು ಬಳಸುವಂತೆಯೇ ಬಳಸಬೇಕು. ಅಡ್ಡಹೆಸರಾಗಿ ಹುಟ್ಟಿತೆಂಬ ಕಾರಣಕ್ಕೆ ‘ಮೆಥೋಡಿಸ್ಟ್’ ಕೀಳಲ್ಲ, ಗ್ರಂಥದಲ್ಲಿದೆಯೆಂಬ ಕಾರಣಕ್ಕೆ ‘ಕ್ರಿಸ್ತನ ಸಭೆ’ ಒಬ್ಬರದೇ ಅಲ್ಲ. ‘ಕಿರಿಸ್ತಾನ’ದಂಥ ರೂಪಗಳನ್ನು ಧ್ವನಿಶಾಸ್ತ್ರದ ಸಾಕ್ಷ್ಯವಾಗಿ ಉಲ್ಲೇಖಿಸಬಹುದು; ಜನರನ್ನು ಕರೆಯಲು ಬಳಸುವ ಮುನ್ನ ಹೆಸರು ಹೊತ್ತವರ ಒಪ್ಪಿಗೆಯನ್ನು ಕೇಳಬೇಕು.

ಕೊನೆಯ ಸೂಚನೆ ವ್ಯಾಕರಣಕ್ಕೆ ಹೊರತಾದುದಲ್ಲ. ಪದದ ಅರ್ಥವನ್ನು ನಿರ್ಧರಿಸುವುದು ಧಾತು, ಪ್ರತ್ಯಯಗಳಷ್ಟೇ ಅಲ್ಲ, ಆಡುವವರ ಮತ್ತು ಕೇಳುವವರ ಸಂಬಂಧವೂ ಹೌದು ಎಂಬುದನ್ನು ಸನ್ನತಿಯ ‘ಪಾಸಂಡ’ವೂ ಅಂತಿಯೋಕ್ಯದ ‘ಕ್ರಿಸ್ತಿಯಾನೋಸ್’ ಪದವೂ ಎರಡು ದಿಕ್ಕುಗಳಿಂದ ತೋರಿಸಿವೆ. ಎಲ್ಲ ಪಂಥಗಳಿಗೂ ಮಾತಿನ ಸಂಯಮವನ್ನು ಬೋಧಿಸಿದ ಕಲ್ಲು ಸಿಕ್ಕ ಸೀಮೆಯಲ್ಲೇ ನಮ್ಮ ವಿದ್ಯಾರ್ಥಿನಿಯ ಊರೂ ಇದೆ. ಅವರು ಆ ದಿನ ‘ಧರ್ಮ’ದ ಕಾಲಂನಲ್ಲಿ ‘ಕ್ರೈಸ್ತ’ ಎಂದು ಬರೆದರು. ಉಳಿದ ಎರಡನ್ನು ಖಾಲಿ ಬಿಟ್ಟರು. ಅರ್ಜಿ ಅಪೂರ್ಣವೆಂದು ಮರಳಿ ಬಂತು. ಆ ಎರಡು ಖಾಲಿ ಜಾಗಗಳನ್ನು ಗೌರವದಿಂದ ತುಂಬಬಲ್ಲ ಪದಗಳನ್ನು ನಮ್ಮ ಭಾಷೆ ಇನ್ನೂ ಅವರಿಗೆ ಒದಗಿಸಬೇಕಾಗಿದೆ.